ಅಂತರ್ಜಾಲದ ಪಾಠಶಾಲೆಯೂ ಅಂಗವಿಕಲರೂ

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳೂ, ಅದೇ ತಾಲ್ಲೂಕಿನಲ್ಲಿ 1914ರಲ್ಲಿ ಹುಟ್ಟಿದ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ತಾವು ಕಣ್ಣಿಲ್ಲದವರಾಗಿದ್ದು ಸಾವಿರಾರು ಮಂದಿಗೆ ದಾರಿ ತೋರಿಸಿದರೆಂಬುದನ್ನು ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಅಂಧ ಬಾಲಕರು ಗಾಯಕರಾದರು, ವಾದಕರಾದರು, ತಮ್ಮ ಕಾಲ ಮೇಲೆ ತಾವು ನಿಂತರು. ಪುಟ್ಟರಾಜರು ಬ್ರೈಲ್ ಲಿಪಿಯನ್ನು ಬೆರಳ ತುದಿಯಲ್ಲಿ ಕರಗತ ಮಾಡಿಕೊಂಡು ನಾಟಕಗಳನ್ನೂ ಪುರಾಣಗಳನ್ನೂ ರಚಿಸಿದರು. ಹಾನಗಲ್ಲು, ಹಿರೇಕೆರೂರುಗಳ ಸೀಮೆಯ ಜನರು ಈ ಹಿರಿಮೆಯನ್ನು ನೆನೆದು ಹೆಮ್ಮೆಪಡುವುದು ನ್ಯಾಯವೇ ಆಗಿದೆ.

ಆದರೆ ಈ ಹೆಮ್ಮೆಯ ಬೆನ್ನಿಗೇ ಒಂದು ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕು. ಅಂಧ ಬಾಲಕನಿಗೆ ಸಂಗೀತದ ಬಾಗಿಲು ತೆರೆದಷ್ಟು ಸುಲಭವಾಗಿ ವಿಜ್ಞಾನದ ಬಾಗಿಲು ಏಕೆ ತೆರೆಯಲಿಲ್ಲ? ಕಾರಣವು ಬಾಲಕನ ಬುದ್ಧಿಯಲ್ಲಿಲ್ಲ, ವಿದ್ಯೆಯನ್ನು ಹಂಚುವ ವಿಧಾನದಲ್ಲಿದೆ. ಸಂಗೀತವು ಗುರುವಿನ ಕಂಠದಿಂದ ಶಿಷ್ಯನ ಕಿವಿಗೆ ನೇರವಾಗಿ ಹೋಗುವುದು. ವಿಜ್ಞಾನವಾದರೋ ಕರಿಹಲಗೆಯ ಮೇಲಿನ ಚಿತ್ರವಾಗಿ, ಅಚ್ಚಿನ ಪುಸ್ತಕದ ಸೂತ್ರವಾಗಿ, ಕಣ್ಣಿನ ದಾರಿಯೊಂದನ್ನೇ ನೆಚ್ಚಿಕೊಂಡು ಬಂದಿದೆ. ಈ ತೊಡಕನ್ನು ಕಂಡ ಅನೇಕ ಪರೀಕ್ಷಾ ಮಂಡಲಿಗಳು, ಅಂಧ ವಿದ್ಯಾರ್ಥಿಗಳು ಗಣಿತ ವಿಜ್ಞಾನಗಳ ಬದಲಾಗಿ ಬೇರೆ ವಿಷಯಗಳನ್ನು ಆರಿಸಿಕೊಳ್ಳಬಹುದೆಂದು ವಿನಾಯಿತಿ ಕೊಟ್ಟವು. ಕರುಣೆಯಿಂದ ಕೊಟ್ಟ ಈ ವಿನಾಯಿತಿಯು ಕಾಲಕ್ರಮದಲ್ಲಿ ರೂಢಿಯಾಯಿತು, 'ಕಣ್ಣಿಲ್ಲದವರಿಗೆ ವಿಜ್ಞಾನವೇಕೆ?' ಎಂಬ ಮಾತಿಗೆ ಎಡೆಯಾಯಿತು.

ಈ ಮಾತು ಸುಳ್ಳೆಂಬುದಕ್ಕೆ ದೃಷ್ಟಾಂತಗಳುಂಟು. ಪುಣೆಯಲ್ಲಿ ಹುಟ್ಟಿ, ಹದಿನಾಲ್ಕನೆಯ ವಯಸ್ಸಿನಲ್ಲಿ ದೃಷ್ಟಿಯನ್ನು ಕಳೆದುಕೊಂಡ ಟಿ. ವಿ. ರಾಮನ್ ಅವರು ಗಣಿತವನ್ನೇ ಓದಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1994ರಲ್ಲಿ ಡಾಕ್ಟರೇಟ್ ಪಡೆದರು. ಗಣಿತದ ಸೂತ್ರಗಳನ್ನು ಕಂಪ್ಯೂಟರು ಗಟ್ಟಿಯಾಗಿ ಓದಿ ಹೇಳುವಂತೆ ಮಾಡುವುದೇ ಅವರ ಸಂಶೋಧನೆಯ ವಿಷಯವಾಗಿದ್ದಿತು. ದೆಹಲಿಯ ಅಂಧ ವಿದ್ಯಾರ್ಥಿ ಕಾರ್ತಿಕ್ ಸಾಹ್ನಿ 2013ರಲ್ಲಿ ಹನ್ನೆರಡನೆಯ ತರಗತಿಯ ವಿಜ್ಞಾನ ಪರೀಕ್ಷೆಯಲ್ಲಿ ನೂರಕ್ಕೆ 96 ಅಂಕಗಳನ್ನು ಗಳಿಸಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು. ಇವರಿಬ್ಬರಿಗೂ ಒದಗಿದ ಸಾಧನ ಒಂದೇ: ಅಕ್ಷರವನ್ನು ಧ್ವನಿಯಾಗಿ ಮಾಡಿಕೊಡುವ ಕಂಪ್ಯೂಟರು.

ಇಂದು ಅಂತಹ ಯಂತ್ರವು ಹಳ್ಳಿಯ ಮನೆಮನೆಯಲ್ಲಿಯೂ ಮೊಬೈಲಿನ ರೂಪದಲ್ಲಿ ಕುಳಿತಿದೆ. ಕೇಂದ್ರ ಸರಕಾರದ 'ದೀಕ್ಷಾ' ಮತ್ತು 'ಸ್ವಯಂ' ಎಂಬ ಅಂತರ್ಜಾಲದ ವಿದ್ಯಾಶಾಲೆಗಳು 2017ರಲ್ಲಿ ಆರಂಭವಾದವು. 2020ರ ಸಾಂಕ್ರಾಮಿಕದ ಕಾಲದಲ್ಲಂತೂ ಪಾಠವೆಂದರೆ ಪರದೆಯ ಮೇಲಿನ ಪಾಠವೇ ಎಂಬಂತಾಯಿತು. ಹಿರೇಕೆರೂರಿನಂತಹ ಊರಿಗೆ ಇದು ಸಣ್ಣ ಲಾಭವಲ್ಲ. ಅಂಧರಿಗಾಗಿಯೂ ಕಿವುಡರಿಗಾಗಿಯೂ ಇರುವ ವಿಶೇಷ ಶಾಲೆಗಳು ದೊಡ್ಡ ಊರುಗಳಲ್ಲಿವೆ. ಮಗುವನ್ನು ಅಷ್ಟು ದೂರ ಕಳುಹಿಸಲು ಮನಸ್ಸಾಗದೆಯೋ, ಕೈಯಲ್ಲಿ ಹಣವಿಲ್ಲದೆಯೋ ತಾಯಿತಂದೆಗಳು ಹಿಂಜರಿಯುವರು. ದೂರದ ಶಾಲೆಯೇ ಮನೆಗೆ ನಡೆದು ಬರುವುದಾದರೆ ಅದಕ್ಕಿಂತ ಹೆಚ್ಚಿನ ಭಾಗ್ಯವಿನ್ನೇನು? ಆದರೆ ಹೀಗೆ ಬಂದ ಶಾಲೆಯು ಹೊಸ್ತಿಲಿನಲ್ಲಿಯೇ ನಿಂತುಬಿಡುವ ಸಂಭವವುಂಟು. ಅದು ಹೇಗೆಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಅಂಧರು ಕಂಪ್ಯೂಟರನ್ನು ಬಳಸುವುದು ಸ್ಕ್ರೀನ್ ರೀಡರ್ ಎಂಬ ಪರದೆವಾಚಕದ ನೆರವಿನಿಂದ. ಆಸ್ಟ್ರೇಲಿಯದ ಅಂಧ ತರುಣರಾದ ಮೈಕೆಲ್ ಕರನ್ ಅವರು 2006ರಲ್ಲಿ ತೊಡಗಿದ ಎನ್‌ವಿಡಿಎ ಎಂಬ ವಾಚಕವು ಉಚಿತವಾಗಿ ದೊರೆಯುವುದು, ಕನ್ನಡವನ್ನೂ ಉಚ್ಚರಿಸಬಲ್ಲುದು. ಆಂಡ್ರಾಯ್ಡ್ ಮೊಬೈಲುಗಳಲ್ಲಿ ಟಾಕ್‌ಬ್ಯಾಕ್ ಎಂಬ ವಾಚಕವು ಮೊದಲೇ ಅಡಕವಾಗಿರುವುದು. ಈ ವಾಚಕಕ್ಕೆ ಕಣ್ಣಿಲ್ಲ ಎಂಬುದನ್ನು ಮರೆಯಬಾರದು. ಅದು ಪರದೆಯ ಮೇಲಿನ ಆಕಾರವನ್ನು ನೋಡುವುದಿಲ್ಲ. ಆಕಾರದ ಹಿಂದೆ ಅಡಗಿರುವ ಸಂಕೇತಸಂಖ್ಯೆಗಳನ್ನು ಓದಿ ಅವಕ್ಕೆ ಧ್ವನಿ ಕೊಡುವುದು. ಸಂಕೇತ ಸರಿಯಾಗಿದ್ದರೆ ಮಾತು ಸರಿಯಾಗುವುದು. ಸಂಕೇತ ತಪ್ಪಿದರೆ ಮಾತೂ ತಪ್ಪುವುದು.

ಕನ್ನಡದ ತೊಂದರೆ ಇಲ್ಲಿಯೇ ಮೊದಲಾಗುತ್ತದೆ. ಕಂಪ್ಯೂಟರಿಗೆ ಕನ್ನಡವನ್ನು ಕಲಿಸಿದ ಮೊದಲ ದಿನಗಳಲ್ಲಿ ಅಕ್ಷರಗಳಿಗೆ ಇದ್ದ ಸ್ಥಳ ಬಹಳ ಕಡಮೆ. ಆಗಿನ ತಜ್ಞರು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿಯೇ ಕನ್ನಡದ ಚೂರುಗಳನ್ನು ಬಾಡಿಗೆಗೆ ಇರಿಸಿದರು. ನುಡಿ, ಬರಹಗಳ ಹಳೆಯ ಅಕ್ಷರಜೋಡಣೆಯಲ್ಲಿ 'ಕನ್ನಡ' ಎಂದು ಬರೆದರೆ ಕಣ್ಣಿಗೆ ಕನ್ನಡವೇ ಕಾಣುವುದು. ಆದರೆ ಯಂತ್ರದ ಹೊಟ್ಟೆಯಲ್ಲಿ ಕ ಎಂಬುದರ ಜಾಗದಲ್ಲಿ ಇಂಗ್ಲಿಷಿನ ಪಿ ಅಕ್ಷರವೂ, ನ ಎಂಬುದರ ಜಾಗದಲ್ಲಿ ಇಂಗ್ಲೆಂಡಿನ ಪೌಂಡು ನಾಣ್ಯದ ಚಿಹ್ನೆಯೂ, ಡ ಎಂಬುದರ ಜಾಗದಲ್ಲಿ ಕ್ಯೂ ಅಕ್ಷರವೂ ಕುಳಿತಿರುವುವು. ಪರದೆವಾಚಕವು ಇದನ್ನು ಇದ್ದಂತೆಯೇ ಓದುವುದರಿಂದ ಕೇಳುವವರಿಗೆ ಅರ್ಥವಿಲ್ಲದ ಗದ್ದಲವಲ್ಲದೆ ಬೇರೇನೂ ದೊರಕದು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಪದ್ಧತಿಯಲ್ಲಿಯೇ ಕನ್ನಡಕ್ಕೆ ತನ್ನದೇ ಆದ 128 ಸ್ಥಾನಗಳು ಮೀಸಲಾದವು. ಅದರಲ್ಲಿ ಕ ಎಂದರೆ 3221, ನ ಎಂದರೆ 3240, ಡ ಎಂದರೆ 3233. ಜಗತ್ತಿನ ಯಾವ ಯಂತ್ರದಲ್ಲಿಯೂ ಬೇರೆ ಅರ್ಥವಿಲ್ಲ. ಹಳೆಯ ಜೋಡಣೆಯು ಅಚ್ಚಿನ ಕೆಲಸಕ್ಕೆ ಆ ಕಾಲದಲ್ಲಿ ಮಾಡಿದ ಉಪಕಾರ ದೊಡ್ಡದು. ಆದರೆ ಯೂನಿಕೋಡು ಬಂದು ಮೂರು ದಶಕಗಳು ಕಳೆದ ಮೇಲೆಯೂ ಆ ಜೋಡಣೆಯಲ್ಲಿಯೇ ಪಾಠಗಳನ್ನು ಸಿದ್ಧಪಡಿಸಿ ಅಂತರ್ಜಾಲಕ್ಕೆ ಏರಿಸುವುದು, ಬೀಗ ಹಾಕಿದ ಪೆಟ್ಟಿಗೆಯನ್ನು ದಾನ ಮಾಡಿದಂತೆಯೇ ಸರಿ.

ಎರಡನೆಯ ತೊಂದರೆ ಚಿತ್ರವಾಗಿ ಹೋದ ಪುಟಗಳದು. ಹಿರೇಕೆರೂರು ತಾಲ್ಲೂಕಿನ ಅಬಲೂರಿನಲ್ಲಿರುವ ಸೋಮೇಶ್ವರ ದೇವಾಲಯದ ಏಕಾಂತದ ರಾಮಯ್ಯನ ಶಾಸನವು ಪ್ರಸಿದ್ಧವಾದುದು. ಅದರ ಕಲ್ಲಿನ ಮೇಲೆ ಕಾಗದವನ್ನಿರಿಸಿ ಪಡಿಯಚ್ಚು ತೆಗೆದರೆ ಅದು ಬರಿಯ ಚಿತ್ರ. ಬಲ್ಲವರು ಅಕ್ಷರ ಅಕ್ಷರವಾಗಿ ಓದಿ ಬರೆದಾಗಲೇ ಅದು ಪಾಠವಾಗುವುದು. ಪುಸ್ತಕದ ಪುಟವನ್ನು ಫೋಟೋ ತೆಗೆದು ಕಂಪ್ಯೂಟರಿಗೆ ಏರಿಸುವುದೂ ಪಡಿಯಚ್ಚು ತೆಗೆದಂತೆಯೇ. ಅದನ್ನು ಓದಿ ಬರೆಯುವ ಕೆಲಸವನ್ನು ಈಗ ಯಂತ್ರವೇ ಮಾಡಬಲ್ಲುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎ. ಜಿ. ರಾಮಕೃಷ್ಣನ್ ಅವರ ತಂಡವು ಅಚ್ಚಾದ ಕನ್ನಡವನ್ನು ಗುರುತಿಸುವ 'ಲಿಪಿಜ್ಞಾನಿ' ಎಂಬ ಸಾಧನವನ್ನು ರೂಪಿಸಿದೆ. ಆದರೂ ಯಂತ್ರವು ಓದಿದ್ದನ್ನು ಮನುಷ್ಯನೊಬ್ಬನು ತಿದ್ದಬೇಕು. ಒತ್ತಕ್ಷರವೊಂದು ತಪ್ಪಿದರೂ ಪಾಠದ ಅರ್ಥ ಕೆಡುವುದು.

ಮೂರನೆಯದು ಚಿತ್ರ, ಸೂತ್ರ ಮತ್ತು ಚಲಚ್ಚಿತ್ರಗಳ ವಿಷಯ. ಹೃದಯದ ಚಿತ್ರದ ಕೆಳಗೆ 'ಚಿತ್ರ 4' ಎಂದಷ್ಟೇ ಬರೆದರೆ ಸಾಲದು. ಅದರಲ್ಲಿ ನಾಲ್ಕು ಕೋಣೆಗಳಿವೆ, ಅಶುದ್ಧ ರಕ್ತವು ಬಲಗಡೆಯ ಮೇಲಿನ ಕೋಣೆಗೆ ಬರುವುದು ಎಂದು ಮಾತಿನಲ್ಲಿ ಹೇಳುವ ವಾಕ್ಯವು ಚಿತ್ರದ ಹಿಂದೆ ಸೇರಿರಬೇಕು. ಚಲಚ್ಚಿತ್ರದ ಪಾಠದಲ್ಲಿ ಉಪಾಧ್ಯಾಯರು ಹಲಗೆಯನ್ನು ತೋರಿಸುತ್ತ 'ಇದನ್ನು ಇದರಿಂದ ಭಾಗಿಸಿರಿ' ಎಂದರೆ ಅಂಧ ವಿದ್ಯಾರ್ಥಿಗೆ ಯಾವುದನ್ನು ಯಾವುದರಿಂದ ಎಂಬುದು ತಿಳಿಯದು. 'ದೂರವನ್ನು ಕಾಲದಿಂದ ಭಾಗಿಸಿರಿ' ಎಂದರೆ ಖರ್ಚಿಲ್ಲದೆಯೇ ತೊಡಕು ನಿವಾರಣೆಯಾಯಿತು. ಅದೇ ಪಾಠದ ಮಾತುಗಳು ಕನ್ನಡ ಅಕ್ಷರದಲ್ಲಿ ಚಿತ್ರದ ಅಡಿಯಲ್ಲಿ ಮೂಡಿದರೆ ಕಿವುಡರಿಗೂ ಪಾಠ ದೊರೆಯಿತು. ಕೈ ನಡುಗುವವರಿಗೆ ಸಣ್ಣ ಗುಂಡಿಯನ್ನು ಗುರಿಯಿಟ್ಟು ಒತ್ತುವುದು ಕಷ್ಟ. ಆದುದರಿಂದ ಎಲ್ಲ ಕೆಲಸವೂ ಕೀಲಿಮಣೆಯಿಂದಲೇ ಆಗುವಂತಿರಬೇಕು. ಮಂದದೃಷ್ಟಿಯವರಿಗಾಗಿ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರವು ಕನಿಷ್ಠಪಕ್ಷ ನಾಲ್ಕೂವರೆಗೆ ಒಂದರ ಪ್ರಮಾಣದಲ್ಲಿರಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಗೊತ್ತುಮಾಡಿದೆ. ಈ ಮಾರ್ಗಸೂಚಿಯ ಮೊದಲ ಆವೃತ್ತಿ 1999ರಲ್ಲಿಯೂ, 2.2ನೆಯ ಆವೃತ್ತಿ 2023ರಲ್ಲಿಯೂ ಪ್ರಕಟವಾದವು. ದಾರಿ ಗೊತ್ತಿಲ್ಲವೆಂದು ಯಾರೂ ಹೇಳುವಂತಿಲ್ಲ.

ಇಲ್ಲಿ ಕೆಲವು ಆಕ್ಷೇಪಣೆಗಳು ಬರುವುದು ಸಹಜ. ಇಂತಹ ವಿದ್ಯಾರ್ಥಿಗಳು ಎಷ್ಟು ಮಂದಿ ಇರುವರು, ಅವರಿಗಾಗಿ ಇಷ್ಟು ಶ್ರಮವೇಕೆ ಎನ್ನುವರು. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 13 ಲಕ್ಷದ 24 ಸಾವಿರಕ್ಕೂ ಹೆಚ್ಚು ಅಂಗವಿಕಲರು ಲೆಕ್ಕಕ್ಕೆ ಬಂದರು. ದೇಶದಲ್ಲಿ 2 ಕೋಟಿ 68 ಲಕ್ಷ. ಇದು ಅಲ್ಪಸಂಖ್ಯೆಯಲ್ಲ. ಅಲ್ಪವೇ ಆಗಿದ್ದರೂ ಊರಿನ ಕೆರೆಯ ನೀರನ್ನು ತಲೆ ಎಣಿಸಿ ಹಂಚುವ ಪದ್ಧತಿ ನಮ್ಮಲ್ಲಿಲ್ಲ. ಖರ್ಚು ಹೆಚ್ಚೆಂಬುದು ಎರಡನೆಯ ಆಕ್ಷೇಪಣೆ. ಕಟ್ಟಿ ಮುಗಿದ ಮನೆಯ ಗೋಡೆ ಒಡೆದು ಬಾಗಿಲಿಡುವುದು ಖರ್ಚಿನ ಕೆಲಸ ಹೌದು. ಕಟ್ಟುವಾಗಲೇ ಬಾಗಿಲು ಬಿಟ್ಟರೆ ಖರ್ಚೇನು ಬಂದೀತು? ಅಲ್ಲದೆ ಈ ಏರ್ಪಾಡುಗಳ ಫಲ ಅಂಗವಿಕಲರಿಗಷ್ಟೇ ಸೀಮಿತವಲ್ಲ. ಯೂನಿಕೋಡಿನಲ್ಲಿರುವ ಪಾಠವನ್ನು ಹುಡುಕಬಹುದು, ದೊಡ್ಡಕ್ಷರ ಮಾಡಿಕೊಳ್ಳಬಹುದು. ಜಾಲವು ದುರ್ಬಲವಾಗಿರುವ ಹಳ್ಳಿಯಲ್ಲಿ ಚಲಚ್ಚಿತ್ರ ಬಾರದಿದ್ದರೂ ಅಕ್ಷರಪಾಠವು ಕ್ಷಣದಲ್ಲಿ ಬರುವುದು. ಕಣ್ಣು ಮಂಜಾದ ಅಜ್ಜನಿಗೆ ಮುಸುಕಿನ ಜೋಳದ ರೋಗದ ವಿಷಯವನ್ನು ಮೊಬೈಲೇ ಓದಿ ಹೇಳುವುದು.

ಇದನ್ನೆಲ್ಲ ದಯೆಯೆಂದು ಭಾವಿಸುವುದೂ ತಪ್ಪು. ಅಂಗವಿಕಲರ ಹಕ್ಕುಗಳ ಅಧಿನಿಯಮವು 2016ರಲ್ಲಿ ಆಗಿ 2017ರ ಏಪ್ರಿಲಿನಲ್ಲಿ ಜಾರಿಗೆ ಬಂದಿತು. ಅದು ವಿದ್ಯುನ್ಮಾನ ಮಾಧ್ಯಮದ ವಿಷಯಗಳೆಲ್ಲವೂ ಅಂಗವಿಕಲರಿಗೆ ಎಟುಕುವಂತಿರಬೇಕೆಂದು ವಿಧಿಸಿದೆ. ಇಂತಹ ಮಾನಕಗಳು ಬರಿಯ ಸಲಹೆಗಳಾಗಿ ಉಳಿಯದೆ ಕಡ್ಡಾಯವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರಿನಲ್ಲಿ ತೀರ್ಪಿತ್ತಿತು. 2025ರ ಏಪ್ರಿಲ್ 30ರಂದು, ಅಂತರ್ಜಾಲದ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೆಯ ಅನುಚ್ಛೇದದ ಬದುಕುವ ಹಕ್ಕಿನಲ್ಲಿಯೇ ಅಡಕವಾಗಿದೆಯೆಂದು ಸಾರಿತು. ಪುಸ್ತಕಗಳನ್ನು ಅಂಧರಿಗೆ ತಕ್ಕ ರೂಪಕ್ಕೆ ತರಲು ಕೃತಿಸ್ವಾಮ್ಯದ ಕಾಯಿದೆಯೂ 2012ರ ತಿದ್ದುಪಡಿಯಿಂದ ಅನುಮತಿ ಕೊಟ್ಟಿದೆ. ಹೀಗೆ ಕಾಯಿದೆಯೂ ಇದೆ, ಸಾಧನವೂ ಇದೆ; ಇನ್ನು ಬೇಕಾಗಿರುವುದು ಮಾಡುವ ಮನಸ್ಸು.

ಹಾಗಾದರೆ ಹಿರೇಕೆರೂರಿನ ಶಾಲೆಯೊಂದು ಏನು ಮಾಡಬಹುದು? ನಮ್ಮ ಅಭಿಪ್ರಾಯದಲ್ಲಿ ನಾಲ್ಕು ಕೆಲಸಗಳನ್ನು ನಾಳೆಯೇ ಆರಂಭಿಸಬಹುದು. ಮೊದಲನೆಯದಾಗಿ, ಉಪಾಧ್ಯಾಯರು ಬರೆಯುವ ಟಿಪ್ಪಣಿ, ಪ್ರಶ್ನೆಪತ್ರಿಕೆಗಳೆಲ್ಲವೂ ಯೂನಿಕೋಡಿನಲ್ಲಿಯೇ ಇರಲಿ. ಹಳೆಯ ಕಡತಗಳನ್ನು ಬದಲಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುವುವು. ಎರಡನೆಯದಾಗಿ, ಹಲಗೆಯ ಮೇಲೆ ಬರೆದುದನ್ನು ಬಾಯಲ್ಲಿಯೂ ಹೇಳುವ ಅಭ್ಯಾಸವಾಗಲಿ. ಮೂರನೆಯದಾಗಿ, ಪಾಠವೊಂದನ್ನು ಅಂತರ್ಜಾಲಕ್ಕೆ ಏರಿಸುವ ಮುನ್ನ ಪರದೆಯನ್ನು ಮುಚ್ಚಿ, ಮೊಬೈಲಿನ ಟಾಕ್‌ಬ್ಯಾಕಿನಿಂದ ಅದನ್ನು ಒಂದು ಸಲ ಕೇಳಿ ನೋಡಲಿ. ನಾಲ್ಕನೆಯದಾಗಿ, ತಾಲ್ಲೂಕಿನಲ್ಲಿರುವ ಅಂಧ, ಕಿವುಡ ತರುಣರನ್ನೇ ಕರೆದು ಅವರಿಂದ ಪರೀಕ್ಷೆ ಮಾಡಿಸಿ, ಆ ದುಡಿಮೆಗೆ ಸಂಭಾವನೆ ಕೊಡಲಿ. ಬಳಸುವವರು ಕಾಣುವ ದೋಷವು ಬಲ್ಲವರೆನಿಸಿಕೊಂಡವರ ಕಣ್ಣಿಗೆ ಬೀಳದು. ಸರಕಾರವು ಪಾಠಗಳನ್ನು ಗುತ್ತಿಗೆಗೆ ಕೊಡುವಾಗ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಪಾಠಕ್ಕೆ ಹಣ ಸಲ್ಲದೆಂದು ಕರಾರಿನಲ್ಲಿಯೇ ಬರೆಯಬೇಕು. ಕಡ್ಡಾಯವೆಂಬ ಮಾತಿಗೆ ಬಲ ಬರುವುದು ಆಗಲೇ.

ಕಾಡಶೆಟ್ಟಿಹಳ್ಳಿಯ ಬಾಲಕನಿಗೆ ಸಂಗೀತವು ದಕ್ಕಿದ್ದು ಅದನ್ನು ಅವನ ಕಿವಿಗೆ ಮುಟ್ಟಿಸುವ ಗುರುಗಳಿದ್ದುದರಿಂದ. ಇಂದು ಮಾಸೂರಿನಲ್ಲಿಯೋ ಅಬಲೂರಿನಲ್ಲಿಯೋ ಕುಳಿತು, ಗ್ರಹಣವೇಕೆ ಆಗುವುದು, ಬೀಜವೇಕೆ ಮೊಳೆಯುವುದು ಎಂದು ತಿಳಿಯಬಯಸುವ ಅಂಧ ಬಾಲಕಿಯೊಬ್ಬಳಿದ್ದರೆ, ಅವಳಿಗೆ ಹಾರ್ಮೋನಿಯಮ್ಮನ್ನು ಕೊಟ್ಟು ಸಮಾಧಾನಪಡಿಸುವುದು ಸಲ್ಲದು. ಹಾಡು ಅವಳ ಆಯ್ಕೆಯಾದರೆ ಸಂತೋಷ. ಬೇರೆ ದಾರಿಯಿಲ್ಲದೆ ಹಾಡುವಂತಾಗಬಾರದು. ಅವಳು ಕೇಳುವ ಪ್ರಶ್ನೆಗೆ ಅವಳ ನುಡಿಯಲ್ಲಿ, ಅವಳ ಕಿವಿಗೆ ಮುಟ್ಟುವಂತೆ ಉತ್ತರವನ್ನು ಬರೆದಿಡುವುದು ಪಾಠಗಳನ್ನು ಸಿದ್ಧಪಡಿಸುವವರೆಲ್ಲರ ಕರ್ತವ್ಯ. ವಿಜ್ಞಾನವನ್ನು ಕನ್ನಡದಲ್ಲಿ ಬರೆಯಹೊರಟ ನಮ್ಮಂಥವರ ಕರ್ತವ್ಯವೂ ಅದೇ ಆಗಿದೆ.