ಯಂತ್ರದ ಕಾಫಿಗೆ ಜ್ವರ ನೋಡಿದ್ದು



ಹೋದ ಸಲ ಮಾವಿನಮಿಡಿಗೆ ಬೂಷ್ಟು ಬರದ ಹಾಗೆ ಕಾಪಾಡುವ ವಿಷಯ ಬರೆದಿದ್ದೆ. ಈ ಸಲ ಕಾಫಿ. ಕಾಫಿ ಮಾಡುವುದನ್ನೂ ಹೇಳಿಕೊಡಬೇಕೇ ಎಂದು ನಗಬೇಡಿ. ಇದು ಫಿಲ್ಟರ್ ಕಾಫಿಯಲ್ಲ, ಕರೆಂಟಿನ ಎಸ್ಪ್ರೆಸೊ ಯಂತ್ರದ ಕಾಫಿ. ಈಗ ಎಷ್ಟೋ ಮನೆಗಳಲ್ಲಿ ಮಕ್ಕಳು ತಂದಿಟ್ಟಿದ್ದಾರೆ. "ಅಷ್ಟು ದುಡ್ಡು ಸುರಿದು ತಂದದ್ದು, ಕಾಫಿ ಮಾತ್ರ ಹುಳಿ ಹುಳಿ, ಏನು ಮಾಡಲಿ?" ಎಂದು ಒಬ್ಬ ಸೋದರಿ ಕೇಳಿದ್ದಾರೆ. ಪತ್ರ ಓದಿ, ಅರೆ, ಇದು ನಮ್ಮ ಮನೆಯದೇ ಕಥೆ ಅನ್ನಿಸಿತು.

ನಮ್ಮ ಮಗಳು ಕೆಲಸಕ್ಕೆ ಸೇರಿ ಎಂಟು ತಿಂಗಳು ಸಂಬಳದಲ್ಲಿ ಉಳಿಸಿ ಯಂತ್ರ ತಂದಳು. ಬಿಲ್ಲು ನೋಡಿದ ಕೂಡಲೇ ನಮ್ಮ ಮನೆಯವರು "ಈ ದುಡ್ಡಲ್ಲಿ ಒಂದು ಉಂಗುರ ಬರ್ತಿತ್ತು" ಅಂದರು. ಕಾಫಿಯಾದರೂ ಚೆನ್ನಾಗಿದ್ದಿದ್ದರೆ ಅವರ ಬಾಯಿ ಮುಚ್ಚಿಸಬಹುದಿತ್ತು. ಮೊದಲ ಲೋಟ ಕುಡಿದ ನಮ್ಮತ್ತೆ ಮುಖ ಕಿವುಚಿಕೊಂಡು ಮೊಮ್ಮಗಳಿಗೆ "ಹುಣಸೆಹಣ್ಣು ಕಿವುಚಿದ ನೀರಿದ್ದ ಹಾಗಿದೆ ಕಣೇ" ಅಂದುಬಿಟ್ಟರು. ಪುಡಿ ಬದಲಾಯಿಸಿದ್ದಾಯಿತು, ಹೆಚ್ಚು ಹಾಕಿದ್ದಾಯಿತು, ಹಾಲು ಸಕ್ಕರೆ ಸುರಿದದ್ದೂ ಆಯಿತು. ಹದಿನೈದು ದಿನಕ್ಕೆ ಯಂತ್ರದ ಮೇಲೆ ಬಟ್ಟೆ ಬಿತ್ತು. ಹುಡುಗಿ ಮನೆಯಲ್ಲಿ ಕಾಫಿ ಕುಡಿಯುವುದನ್ನೇ ಬಿಟ್ಟಳು. ಒಂದು ರಾತ್ರಿ ನನ್ನ ಹತ್ತಿರ ಬಂದು, "ಅಮ್ಮ, ಯಾರಿಗಾದ್ರೂ ಅರ್ಧ ಬೆಲೆಗೆ ಕೊಟ್ಟುಬಿಡ್ತೀನಿ, ಅಪ್ಪಂಗೆ ಹೇಳಬೇಡ" ಅಂದಳು. ನನಗೆ ಕರುಳು ಚುರುಕ್ ಎಂದಿತು. ಒಂದು ವಾರ ತಡಿ ಅಂದೆ.

ನಾನು ಎಸ್ಸೆಸ್ಸೆಲ್ಸಿ ತನಕ ಓದಿದವಳು. ಯಂತ್ರದ ಜೊತೆ ಬಂದ ಪುಸ್ತಕವನ್ನು ಮಗಳಿಂದ ಓದಿಸಿ ಅರ್ಥಮಾಡಿಕೊಂಡೆ. ಫಿಲ್ಟರಿನಲ್ಲಿ ಡಿಕಾಕ್ಷನ್ ತನ್ನ ಪಾಡಿಗೆ ತಾನು ಹನಿ ಹನಿಯಾಗಿ ಇಳಿಯುತ್ತದೆ. ನೀರು ಚೂರು ಆರಿದ್ದರೂ, ನಿಧಾನವಾಗಿ ಇಳಿಯುವುದರಿಂದ ಪುಡಿ ಸಾರ ಬಿಡುತ್ತದೆ. ಯಂತ್ರಕ್ಕೆ ಅಷ್ಟು ವ್ಯವಧಾನವಿಲ್ಲ. ಸುಮಾರು 9 ಬಾರ್, ಅಂದರೆ ಹೊರಗಿನ ಗಾಳಿಯ ಒತ್ತಡದ ಒಂಬತ್ತು ಪಟ್ಟು ಒತ್ತಡದಲ್ಲಿ ನೀರನ್ನು ಪುಡಿಯೊಳಗೆ ನೂಕಿ, 25-30 ಸೆಕೆಂಡಿನಲ್ಲಿ ಕೆಲಸ ಮುಗಿಸುತ್ತದೆ. ಅಷ್ಟರೊಳಗೆ ಸಾರ ಇಳಿಯಬೇಕಾದರೆ ನೀರು 90ರಿಂದ 96 ಡಿಗ್ರಿ ಸೆಲ್ಸಿಯಸ್ ಇರಬೇಕು. ಕಮ್ಮಿಯಾದರೆ ಹುಳಿ, ಜಾಸ್ತಿಯಾದರೆ ಕಹಿ.

ಹಾಗಾದರೆ ನಮ್ಮ ಯಂತ್ರದ ನೀರು ಎಷ್ಟು ಬಿಸಿ? ಅತ್ತೆ ಬೀರುವಿನಿಂದ ಜ್ವರ ನೋಡುವ ಥರ್ಮಾಮೀಟರ್ ತಂದುಕೊಟ್ಟರು! ಅದು 42 ಡಿಗ್ರಿಗೆ ಮುಗಿಯುತ್ತದೆ, ಬಿಸಿನೀರಿಗಿಟ್ಟರೆ ಗಾಜು ಒಡೆದು ಪಾದರಸ ಚೆಲ್ಲುತ್ತದೆ. ದಯವಿಟ್ಟು ಯಾರೂ ಆ ಕೆಲಸ ಮಾಡಬೇಡಿ. ಸಕ್ಕರೆ ಪಾಕ ನೋಡಲು ಉದ್ದ ಕಡ್ಡಿಯ, ಅಂಕಿ ತೋರಿಸುವ ಥರ್ಮಾಮೀಟರ್ ಸಿಗುತ್ತದೆ. ಅದನ್ನು ತರಿಸಿದೆ.

ಮೊದಲು ಅದನ್ನೇ ಪರೀಕ್ಷೆ ಮಾಡಬೇಕು. ತಳಪಳ ಕುದಿಯುವ ನೀರಿಗಿಟ್ಟೆ. 95 ತೋರಿಸಿತು. ನೂರು ತೋರಿಸಬೇಕಲ್ಲ, ಇದೂ ಕೆಟ್ಟದ್ದೇ ಅಂದುಕೊಂಡೆ. ಮಗಳು ನಕ್ಕಳು. ನಾವಿರುವ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದಂತೆ. ನನ್ನ ತವರು ಮಂಗಳೂರಾದರೆ ನೂರು, ಮಡಿಕೇರಿಯಾದರೆ ಇನ್ನೂ ಕಮ್ಮಿ. ಅಂತೂ ನಮ್ಮ ಥರ್ಮಾಮೀಟರ್ ಎರಡು ಡಿಗ್ರಿ ಕಡಿಮೆ ಹೇಳುತ್ತದೆ, ಎರಡು ಕೂಡಿಸಿಕೊಂಡರೆ ಸರಿ ಎಂದು ಗೊತ್ತಾಯಿತು.

ಮೊದಲ ಸಲ ಸ್ಟೀಲ್ ಲೋಟಕ್ಕೆ ನೀರು ಬಿಟ್ಟು ನೋಡಿದೆ. ತಪ್ಪು. ತಣ್ಣಗಿನ ಲೋಟವೇ ಅರ್ಧ ಬಿಸಿ ಕುಡಿದುಬಿಟ್ಟಿತು. ಆಮೇಲೆ ಎರಡು ಕಾಗದದ ಲೋಟ ಒಂದರೊಳಗೊಂದು ಇಟ್ಟು, ತಳದ ಹತ್ತಿರ ಪಕ್ಕದಲ್ಲಿ ದಬ್ಬಣದಿಂದ ತೂತು ಮಾಡಿ ಕಡ್ಡಿ ತೂರಿಸಿದೆ. ಪುಡಿ ತುಂಬುವ ಹಿಡಿಯ ಬಟ್ಟಲು ತೆಗೆದು, ಲೋಟದ ಬಾಯಿಯನ್ನು ನೀರು ಬರುವ ಜಾಗಕ್ಕೆ ಹತ್ತಿರ ಹಿಡಿದು ಸುಮಾರು 60 ಮಿಲಿಲೀಟರ್ ಬಿಡಬೇಕು. ಕೈಗೆ ದಪ್ಪ ಬಟ್ಟೆ ಇರಲಿ. ಪುಡಿಯಿಲ್ಲದೆ ನೀರು ಬೇಗ ಸುರಿಯುವುದರಿಂದ ಈ ಅಳತೆ ಕೂದಲೆಳೆಯಷ್ಟು ಕರಾರುವಾಕ್ಕಲ್ಲ. ಇವತ್ತಿಗೂ ನಾಳೆಗೂ ಹೋಲಿಸಿ ನೋಡಲು ಸಾಕು.

ದೀಪ ಸಿದ್ಧ ಎಂದು ತೋರಿಸಿದ ಕೂಡಲೇ ಬಿಟ್ಟ ನೀರು 84. ಎರಡು ಕೂಡಿಸಿದರೆ 86. ಹುಳಿ ಬರದೆ ಇನ್ನೇನು! ದೀಪ ಹೇಳುವುದು ಒಳಗಿನ ಹಂಡೆಯ ಬಿಸಿಯನ್ನು ಮಾತ್ರ. ಅದರ ಕೆಳಗಿನ ಲೋಹ, ಆ ಭಾರದ ಹಿತ್ತಾಳೆ ಬಟ್ಟಲು ಎಲ್ಲ ತಣ್ಣಗೇ ಇರುತ್ತವೆ. ಕಾವಲಿ ಕಾಯುವ ಮುಂಚೆ ದೋಸೆ ಹುಯ್ದ ಹಾಗಾಗುತ್ತಿತ್ತು ನಮ್ಮದು.

ಮಾರನೆಯ ದಿನ ಬಟ್ಟಲನ್ನು ಯಂತ್ರಕ್ಕೆ ಸಿಕ್ಕಿಸಿಯೇ 25 ನಿಮಿಷ ಕಾಯಲು ಬಿಟ್ಟು, ಒಂದು ಲೋಟ ಬರೀ ನೀರು ಹರಿಸಿ, ದೀಪ ಮತ್ತೆ ಸಿದ್ಧ ಎಂದಾಗ ಅಳೆದೆ. 90, ಅಂದರೆ 92. ಇಂಥ ಚಿಕ್ಕ ಯಂತ್ರದ ಬಿಸಿ ಒಂದೇ ಸಮ ನಿಲ್ಲುವುದಿಲ್ಲ, ಏರಿ ಇಳಿಯುತ್ತಿರುತ್ತದೆ. ದೀಪ ಆದ ಮೇಲೆ ಎಷ್ಟು ಎಣಿಸಿದರೆ ಎಷ್ಟು ಡಿಗ್ರಿ ಎಂದು ನಾಲ್ಕು ದಿನ ನೋಡಿ ಬರೆದಿಟ್ಟೆವು. ನೀವೂ ನಿಮ್ಮ ಯಂತ್ರದ್ದನ್ನೇ ನೋಡಿಕೊಳ್ಳಬೇಕು, ನಮ್ಮದು ನಿಮಗೆ ಹೊಂದದು. ಕಪ್ಪಗೆ ಹುರಿದ ಪುಡಿಗೆ 90-91 ಸಾಕು. ತಿಳಿಯಾಗಿ ಹುರಿದದ್ದು 94ರ ಮೇಲೆ ಕೇಳುತ್ತದೆ.

ಈ ಗಡಿಬಿಡಿಯಲ್ಲಿ ಒಂದು ಸಲ ಕಾಫಿ ಇಳಿಯುತ್ತಿರುವಾಗಲೇ ಬಟ್ಟಲು ತಿರುಗಿಸಿಬಿಟ್ಟೆ. ಒಳಗಿನ ಒತ್ತಡಕ್ಕೆ ಬಿಸಿ ಪುಡಿ ಸಿಡಿದು ಮಣಿಕಟ್ಟು ಸುಟ್ಟಿತು. ಪಕ್ಕದ ಮನೆಯಾಕೆ ಟೂತ್‌ಪೇಸ್ಟ್ ಹಿಡಿದು ಓಡಿ ಬಂದರು. ಅದು ಬೇಡ, ಬಳೆ ತೆಗೆದು ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರಿನ ಕೆಳಗೆ ಹಿಡಿಯಬೇಕು. ಬೊಬ್ಬೆ ಬರಲಿಲ್ಲ.

ಅತ್ತೆಗೆ ಈಗಲೂ ಫಿಲ್ಟರೇ ಬೇಕು, ಅದಕ್ಕೆ ಚಿಕೋರಿ ಪುಡಿಯ ಡಬ್ಬಿ ಬೇರೆ ಇಟ್ಟಿದ್ದೇನೆ. ಯಂತ್ರದ ಮೇಲಿನ ಬಟ್ಟೆ ಮಾತ್ರ ಹೋಯಿತು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ಮಗಳು ದಿನಾ ಡಿಗ್ರಿ ಬರೆಯುತ್ತಾಳೆ. ಮೊನ್ನೆ ಭಾನುವಾರ ಮನೆಯವರು ಪೇಪರ್ ಮಡಿಸಿಟ್ಟು, ಕ್ಯಾಲೆಂಡರ್ ಹತ್ತಿರ ಹೋಗಿ ಕನ್ನಡಕ ಏರಿಸಿ ನೋಡಿ, "ಲೇ ಪುಟ್ಟಿ, ನಿನ್ನೆಯದು 92 ಇತ್ತಲ್ಲ, ಇವತ್ತೂ ಅಷ್ಟಕ್ಕೇ ಮಾಡಮ್ಮ" ಅಂದರು.