ಹಳೆಯ ಕಾರಿಗೆ ಮೊದಲು ಬ್ರೇಕ್, ಆಮೇಲೆ ಸ್ಟೀರಿಯೊ



ಕಳೆದ ಬೇಸಿಗೆ ರಜೆಯಲ್ಲಿ ಚಾಮರಾಜನಗರದಲ್ಲಿ ನೆಂಟರ ಮದುವೆ ಮುಗಿಸಿ ನಾವು ಕಿಣತ್ತುಕಡವಿಗೆ ವಾಪಸ್ ಬರುತ್ತಿದ್ದೆವು. ಕಾರಿನಲ್ಲಿ ಐದು ಜನ, ಹಿಂದಿನ ಸೀಟಿನಲ್ಲಿ ಅಜ್ಜಿ, ಡಿಕ್ಕಿ ತುಂಬ ಸಾಮಾನು. ದಿಂಬಂ ಘಾಟಿಯ 27 ತಿರುವುಗಳಲ್ಲಿ ಅರ್ಧ ಇಳಿದಿರಬೇಕು, ಬ್ರೇಕ್ ಪೆಡಲ್ ಮೆತ್ತಗಾಯಿತು. ಸ್ಪಂಜು ತುಳಿದ ಹಾಗೆ ಕಾಲು ಕೆಳಗೆ ಹೋಗುತ್ತಿತ್ತು, ಕಾರು ನಿಲ್ಲುತ್ತಿರಲಿಲ್ಲ. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಮೆಲ್ಲಗೆ ಎಳೆದು, ಗುಡ್ಡದ ಬದಿಗೆ ಹೇಗೋ ನಿಲ್ಲಿಸಿದೆವು. ಹಿಂದಿನಿಂದ ಬಂದ ಲಾರಿ ಚಾಲಕರೊಬ್ಬರು ಇಳಿದು ಬಂದು, ಚೆನ್ನಾಗಿ ತಣ್ಣಗಾಗಲಿ, ಆಮೇಲೆ ಮೊದಲ ಗೇರಿನಲ್ಲೇ ಇಳಿಸಿ ಎಂದರು. ಬಣ್ಣಾರಿ ತಲುಪುವವರೆಗೆ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಹೇಳಲು ನಾಚಿಕೆಯಾಗುವ ಸಂಗತಿ ಮುಂದಿದೆ. ಆ ಪ್ರಯಾಣಕ್ಕೆ ಎರಡು ವಾರ ಮೊದಲು ಅದೇ ಕಾರಿಗೆ 14,000 ರೂಪಾಯಿ ಕೊಟ್ಟು ಟಚ್ ಸ್ಕ್ರೀನ್ ಸ್ಟೀರಿಯೊ ಹಾಕಿಸಿದ್ದೆವು. ಬ್ರೇಕ್ ಆಯಿಲ್ ಬದಲಿಸಿ ಎಷ್ಟು ವರ್ಷವಾಯಿತು ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪ್ರತಿ ಸರ್ವಿಸಿನಲ್ಲಿ ಸ್ವಲ್ಪ ತುಂಬಿಸಿ ಕಳುಹಿಸುತ್ತಿದ್ದರು, ನಾವೂ ಕೇಳುತ್ತಿರಲಿಲ್ಲ.

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಮೆಲ್ಲಗೆ ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಹೀರಿದ ಮೇಲೆ ಆ ಮಟ್ಟ 140ರವರೆಗೆ ಇಳಿಯಬಹುದು. ಘಾಟಿಯಲ್ಲಿ ಒಂದೇ ಸಮನೆ ಬ್ರೇಕ್ ತುಳಿದರೆ ಅಷ್ಟು ಬಿಸಿ ಸುಲಭವಾಗಿ ಬರುತ್ತದೆ. ಆಯಿಲ್ ಕುದಿದು ಆವಿಯ ಗುಳ್ಳೆಯಾಗುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಆದ್ದರಿಂದ ಪೆಡಲ್ ಒಳಗೆ ಹೋಗುತ್ತದೆ, ಚಕ್ರಕ್ಕೆ ಒತ್ತಡ ತಲುಪುವುದಿಲ್ಲ. ಪಿಯುಸಿಯಲ್ಲೇ ಓದಿದ ಪಾಠ ಇದು. ಬಿಎಸ್ಸಿ ಮುಗಿಸಿದ ನಮಗೂ ದಿಂಬಂನಲ್ಲಿ ನಿಂತ ಮೇಲಷ್ಟೇ ನೆನಪಾಯಿತು.

ಹಾಗಾದರೆ ಆ ಕಾರನ್ನು ಮಾರಿಬಿಡಬೇಕಿತ್ತೇ? ಮನೆಯಲ್ಲಿ ಈ ಚರ್ಚೆ ಒಂದು ತಿಂಗಳು ನಡೆಯಿತು. ಕಾರು 2011ರದು, 2026ಕ್ಕೆ 15 ವರ್ಷ. ಎಂಜಿನ್ ಗಟ್ಟಿಯಾಗಿದೆ, ಬಾಡಿಯಲ್ಲಿ ತುಕ್ಕಿಲ್ಲ. ಹೊಸದಕ್ಕೆ 6 ಲಕ್ಷ ಸಾಲ ಮಾಡಿದರೆ, ಶೇಕಡಾ 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತಿಂಗಳ ಕಂತು ಸುಮಾರು 12,450 ರೂಪಾಯಿ. ಒಟ್ಟು ಕಟ್ಟುವುದು 7 ಲಕ್ಷ 47 ಸಾವಿರ. ಅದೇ ಐದು ವರ್ಷ ಹಳೆಯ ಕಾರಿಗೆಂದು ತಿಂಗಳಿಗೆ 2,000 ತೆಗೆದಿಟ್ಟರೆ 1 ಲಕ್ಷ 20 ಸಾವಿರ. ಇದರಲ್ಲಿ ಟೈರು, ಬ್ಯಾಟರಿ, ಕ್ಲಚ್, ಸಸ್ಪೆನ್ಷನ್ ಎಲ್ಲವೂ ಸರದಿಯಲ್ಲಿ ಆಗುತ್ತದೆ. ನಾವು ಇಟ್ಟುಕೊಳ್ಳಲು ತೀರ್ಮಾನಿಸಿದೆವು.

ಆದರೆ ಇಟ್ಟುಕೊಳ್ಳುವುದು ಬೇರೆ, ಮಾರದೆ ಬಿಡುವುದು ಬೇರೆ. ನಮ್ಮ ಅಭಿಪ್ರಾಯ ಇಷ್ಟೇ: ಕಾರು ಇಟ್ಟುಕೊಳ್ಳುತ್ತೇವೆ ಎಂದ ದಿನವೇ ಒಂದು ನೋಟ್‌ಬುಕ್ ತೆರೆಯಬೇಕು. ಕೆಟ್ಟಾಗ ರಿಪೇರಿ ಎನ್ನುವವರಿಗೆ ಹಳೆಯ ಕಾರು ಸಾಲಕ್ಕಿಂತ ದುಬಾರಿ, ಕೆಲವೊಮ್ಮೆ ಪ್ರಾಣಕ್ಕೇ ದುಬಾರಿ.

ನಮ್ಮ ನೋಟ್‌ಬುಕ್ಕಿನಲ್ಲಿ ಮೂರು ಪುಟಗಳಿವೆ. ಮೊದಲ ಪುಟ ಕಾರನ್ನು ನಿಲ್ಲಿಸುವ ವಸ್ತುಗಳದು: ಬ್ರೇಕ್ ಮತ್ತು ಟೈರು. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ, ಕಿಲೋಮೀಟರ್ ಎಷ್ಟೇ ಆಗಿರಲಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಗೆರೆ ಸವೆಯದಿದ್ದರೂ ರಬ್ಬರು ವಯಸ್ಸಾಗಿ ಗಟ್ಟಿಯಾಗುತ್ತದೆ. ಗೆರೆಯ ಆಳ 1.6 ಮಿಲಿಮೀಟರಿಗೆ ಇಳಿದರೆ ಮಾತೇ ಇಲ್ಲ, ಬದಲಿಸಬೇಕು.

ಎರಡನೇ ಪುಟ ದಾರಿಯಲ್ಲಿ ಕೈಕೊಡುವ ವಸ್ತುಗಳದು: ಕೂಲೆಂಟ್, ಹೋಸ್ ಪೈಪುಗಳು, ಬ್ಯಾಟರಿ, ಟೈಮಿಂಗ್ ಬೆಲ್ಟ್. ನಿಮ್ಮ ಎಂಜಿನ್ನಿಗೆ ಬೆಲ್ಟ್ ಇದೆಯೋ ಚೈನ್ ಇದೆಯೋ ಎಂದು ಇವತ್ತೇ ಮ್ಯಾನುಯಲ್ ನೋಡಿ. ಅನೇಕ ಎಂಜಿನ್ನುಗಳಲ್ಲಿ ಬೆಲ್ಟ್ ತುಂಡಾದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹಾಳು. ನಮ್ಮೂರಿನಲ್ಲಿ ಕಲ್ಲುಕ್ವಾರಿ ಲಾರಿಗಳ ದೂಳಿಗೆ ಏರ್ ಫಿಲ್ಟರನ್ನೂ ಮ್ಯಾನುಯಲ್ ಹೇಳುವುದಕ್ಕಿಂತ ಮೊದಲೇ ನೋಡಬೇಕು.

ಇದೇ ಪುಟದಲ್ಲಿ ಪೆಟ್ರೋಲ್ ಕೂಡ ಇದೆ. ಈಗ ಬಂಕುಗಳಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್. 2023ಕ್ಕಿಂತ ಹಿಂದಿನ ಬಹಳಷ್ಟು ಕಾರುಗಳ ರಬ್ಬರ್ ಪೈಪು, ಸೀಲುಗಳನ್ನು ಅದಕ್ಕೆಂದು ಮಾಡಿದ್ದಲ್ಲ. ಭಯಪಡಬೇಕಾಗಿಲ್ಲ, ಆದರೆ ಇಂಧನದ ಪೈಪುಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ, ಬದಲಿಸುವಾಗ ಎಥನಾಲ್ ತಾಳುವ ಪೈಪನ್ನೇ ಕೇಳಿ ಹಾಕಿಸಬೇಕು. ಇದೂ ಒಂದು ಅಪ್‌ಗ್ರೇಡ್, ಯಾರ ಕಣ್ಣಿಗೂ ಕಾಣದ ಅಪ್‌ಗ್ರೇಡ್.

ಮೂರನೇ ಪುಟದಲ್ಲಿ ಮಾತ್ರ ಆಸೆಯ ಪಟ್ಟಿ. ಮೊದಲ ಎರಡು ಪುಟ ಬಾಕಿ ಇರುವಾಗ ಮೂರನೆಯದಕ್ಕೆ ಹಣವಿಲ್ಲ, ಇದು ಮನೆಯ ಕಾನೂನು. ಆ ಪುಟದಿಂದ ಕೆಲವನ್ನು ನಾವೇ ಹೊಡೆದುಹಾಕಿದೆವು. ಮುಂದೆ ಕಬ್ಬಿಣದ ಬುಲ್ ಬಾರ್ ಬೇಡ. ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ಅದರ ಮೇಲೆ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ತಿಳಿಸಿತ್ತು. ಅದು ನಡೆದು ಹೋಗುವವರಿಗೆ ಅಪಾಯ, ಏರ್‌ಬ್ಯಾಗಿನ ಕೆಲಸಕ್ಕೂ ಅಡ್ಡಿ. ಎದುರಿನವರ ಕಣ್ಣು ಕುರುಡಾಗಿಸುವ ಬಲ್ಬೂ ಬೇಡ. ಮಬ್ಬಾದ ಹೆಡ್‌ಲೈಟ್ ಗಾಜನ್ನು ಪಾಲಿಷ್ ಮಾಡಿಸಿದರೆ ಎಷ್ಟೋ ಬೆಳಕು ವಾಪಸ್ ಬರುತ್ತದೆ.

ಎದುರು ವಾದದಲ್ಲೂ ಸತ್ಯವಿದೆ. ಎಬಿಎಸ್ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ, ಚಾಲಕನ ಏರ್‌ಬ್ಯಾಗ್ ಅದೇ ಜುಲೈನಲ್ಲಿ. ನಮ್ಮ ಕಾರಿನಲ್ಲಿ ಎರಡೂ ಇಲ್ಲ, ಹೊರಗಿನಿಂದ ಹಾಕಿಸಲೂ ಆಗುವುದಿಲ್ಲ. ಆದ್ದರಿಂದ ನಿಧಾನವಾಗಿ ಓಡಿಸುತ್ತೇವೆ, ಹಿಂದೆ ಕುಳಿತ ಅಜ್ಜಿಗೂ ಸೀಟ್ ಬೆಲ್ಟ್. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. ಅದನ್ನೂ ಲೆಕ್ಕಕ್ಕೆ ಹಿಡಿದಿದ್ದೇವೆ. ಚಾಸಿಗೆ ತುಕ್ಕು ಹಿಡಿದ ದಿನ, ಬ್ರೇಕಿನ ಬಿಡಿಭಾಗ ಸಿಗದ ದಿನ ಅದನ್ನು ಬಿಟ್ಟುಕೊಡಬೇಕು ಎಂದೂ ಬರೆದಿಟ್ಟಿದ್ದೇವೆ. ಪ್ರೀತಿಗೂ ಒಂದು ಗಡಿ ಬೇಕು.

ನಮ್ಮ ಪ್ರದೇಶಕ್ಕೆ ಇದು ಹೊಸ ಪಾಠವಲ್ಲ. ಜಿ.ಡಿ. ನಾಯ್ಡು ಅವರು 1920ರಲ್ಲಿ ಒಂದೇ ಒಂದು ಬಸ್ಸು ಕೊಂಡು ಪೊಳ್ಳಾಚಿ–ಪಳನಿ ನಡುವೆ ತಾವೇ ಓಡಿಸಿದರು. ಅದೇ ಮುಂದೆ ಯುನಿವರ್ಸಲ್ ಮೋಟಾರ್ ಸರ್ವಿಸ್ ಆಗಿ ಬೆಳೆಯಿತು. ಒಂದೇ ಬಸ್ಸಿರುವವನಿಗೆ ಅದು ನಿಂತ ದಿನ ಆದಾಯವೂ ನಿಂತಂತೆ. ಕೊಯಮತ್ತೂರಿನ ಅವಿನಾಶಿ ರಸ್ತೆಯಲ್ಲಿರುವ ಜೀಡೀ ಕಾರ್ ಮ್ಯೂಸಿಯಮ್ಮಿಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿನ ಹಳೆಯ ಕಾರುಗಳು ತಾವಾಗಿ ಉಳಿದು ಬಂದಿಲ್ಲ.

ಮಿತ್ರರೇ, ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಕಾರು ಓಡಿಸುವವರು ನಾವೇ, ಹಣ ಕೊಡುವವರು ಅಪ್ಪ. ಆಸ್ಪತ್ರೆಗೆಂದು ಅಕ್ಕಪಕ್ಕದ ಹಿರಿಯರನ್ನು ಕರೆದುಕೊಂಡು ಹೋಗುವವರೂ ನಾವೇ. ಅವರು ನಮ್ಮನ್ನು ನಂಬಿ ಹತ್ತಿ ಕೂರುತ್ತಾರೆ, ಬ್ರೇಕ್ ಆಯಿಲ್ ಯಾವಾಗ ಬದಲಿಸಿದಿರಿ ಎಂದು ಕೇಳುವುದಿಲ್ಲ. ಅವರು ಕೇಳದ ಆ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕು.

ಈ ಶನಿವಾರ ಸಂಜೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಮ್ಯಾನುಯಲ್ ಹುಡುಕಿ, ಟೈರಿನ ನಾಲ್ಕು ಅಂಕಿ ಓದಿ, ಒಂದು ನೋಟ್‌ಬುಕ್ ತೆರೆಯಿರಿ. ನಮ್ಮ ಸ್ಟೀರಿಯೊ ಈಗಲೂ ಚೆನ್ನಾಗಿ ಹಾಡುತ್ತದೆ. ಘಾಟಿ ಇಳಿಯುವಾಗ ಮಾತ್ರ ಅದನ್ನು ಆಫ್ ಮಾಡುತ್ತೇವೆ.