ಗೀಸರ್ ಮೇಲಿನ ಎರಡು ಸಾವಿರ ವಾಟ್

ಗೀಸರಿನ ಮೈಮೇಲೆ ಅಂಟಿಸಿದ ಚೀಟಿಯಲ್ಲಿ ‘230 ವೋಲ್ಟ್, 2000 ವಾಟ್’ ಎಂದು ಬರೆದಿರುತ್ತದೆ. ಕೊಳ್ಳುವಾಗ ನಾವು ನೋಡುವುದು ವಾಟ್ ಒಂದನ್ನೇ. ಆ ವಾಟ್ ನಿಜವಾಗುವುದು ಮನೆಗೆ 230 ವೋಲ್ಟ್ ಬಂದಾಗ ಮಾತ್ರ ಎಂಬುದು ಬೆಳಿಗ್ಗೆ ವೋಲ್ಟೇಜ್ ಕುಸಿದು ನೀರು ಎಷ್ಟು ಹೊತ್ತಾದರೂ ಬಿಸಿಯಾಗದಿದ್ದಾಗ ಗೊತ್ತಾಗುತ್ತದೆ.

ಲೆಕ್ಕ ಶಾಲೆಯಲ್ಲಿ ಕಲಿತದ್ದೇ. ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ವಾಟ್, ಭಾಗಿಸಿದರೆ ರೋಧ. ಹಾಗಾದರೆ 2000ವನ್ನು 230ರಿಂದ ಭಾಗಿಸಿ: ಗೀಸರ್ ಎಳೆಯುವ ಕರೆಂಟ್ ಸುಮಾರು 8.7 ಆಂಪಿಯರ್. 230ನ್ನು ಈ 8.7ರಿಂದ ಭಾಗಿಸಿದರೆ ಒಳಗಿನ ಕಾಯಿಲ್‌ನ ರೋಧ ಸುಮಾರು 26.5 ಓಮ್. ಜರ್ಮನಿಯ ಗಿಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಇದು.

ವೋಲ್ಟೇಜ್, ಕರೆಂಟ್, ರೋಧ ಈ ಮೂರರಲ್ಲಿ ಗೀಸರಿಗೆ ಸ್ವಂತದ್ದು ರೋಧ ಮಾತ್ರ. ವೋಲ್ಟೇಜ್ ಏರಿದರೂ ಇಳಿದರೂ ಅದು ಹೆಚ್ಚುಕಡಿಮೆ ಹಾಗೇ ಇರುತ್ತದೆ. ಈಗ ಲೈನಿನಲ್ಲಿ 180 ವೋಲ್ಟ್ ಇದೆ ಅನ್ನಿ. ಕರೆಂಟ್ 6.8 ಆಂಪಿಯರ್‌ಗೆ ಇಳಿಯುತ್ತದೆ, 180ನ್ನು 6.8ರಿಂದ ಗುಣಿಸಿದರೆ ಸಿಗುವುದು ಸುಮಾರು 1225 ವಾಟ್. ವೋಲ್ಟೇಜ್ ಇಳಿದದ್ದು ಶೇ 22ರಷ್ಟು, ಶಕ್ತಿ ಇಳಿದದ್ದು ಶೇ 39ರಷ್ಟು. ವೋಲ್ಟೇಜ್ ಜತೆ ಕರೆಂಟೂ ಇಳಿಯುವುದರಿಂದ ಪೆಟ್ಟು ಎರಡು ಸಲ ಬೀಳುತ್ತದೆ. 15 ಲೀಟರ್ ನೀರನ್ನು 30 ಡಿಗ್ರಿ ಬಿಸಿಮಾಡಲು 16 ನಿಮಿಷ ಸಾಕಿದ್ದಲ್ಲಿ ಈಗ 26 ನಿಮಿಷ ಬೇಕು. ಬಿಲ್ಲಿನಲ್ಲೇನೂ ಉಳಿತಾಯವಿಲ್ಲ: ಎರಡರಲ್ಲೂ ಅರ್ಧ ಯೂನಿಟ್ಟಿಗಿಂತ ತುಸು ಹೆಚ್ಚೇ ಖರ್ಚು.

ಇದೇ ಲೆಕ್ಕ ಪ್ಲಗ್ ಪಾಯಿಂಟಿನಲ್ಲಿ ಪ್ರಾಣಕ್ಕೆ ಸಂಬಂಧಿಸಿದ್ದಾಗುತ್ತದೆ. ಪಿನ್ ಸಡಿಲವಾಗಿದ್ದರೆ ಅದು ತಾಗುವ ಜಾಗದಲ್ಲಿ ಅರ್ಧ ಓಮ್ ರೋಧ ಹುಟ್ಟಿಕೊಂಡೀತು. ಕೇಳಲು ಸಣ್ಣದು. ಆದರೆ ಬಿಸಿಯ ಲೆಕ್ಕ ಹಾಕುವಾಗ ಕರೆಂಟನ್ನು ಕರೆಂಟಿನಿಂದಲೇ ಗುಣಿಸಿ, ಅದನ್ನು ರೋಧದಿಂದ ಗುಣಿಸಬೇಕು. 8.7 ಆಂಪಿಯರ್ ಹರಿದರೆ ಆ ಚಿಕ್ಕ ಜಾಗದಲ್ಲಿ ಸುಮಾರು 38 ವಾಟ್ ಶಾಖ! ರೇಡಿಯೊ ರಿಪೇರಿಯವರು ಸೀಸ ಕರಗಿಸುವ 25 ವಾಟಿನ ಬೆಸುಗೆ ಕಡ್ಡಿಗಿಂತ ಇದು ಹೆಚ್ಚು. ಪಿನ್ ಕಪ್ಪಾಗುವುದು, ಪ್ಲಾಸ್ಟಿಕ್ ಕಮರು ವಾಸನೆ ಬರುವುದು ಇದರಿಂದಲೇ. ಗೀಸರಿಗೆ 16 ಆಂಪಿಯರ್ ಸಾಕೆಟ್ಟೇ ಬೇಕು. ಕನ್ವರ್ಟರ್ ಸಿಕ್ಕಿಸಿ 6 ಆಂಪಿಯರ್ ಪಾಯಿಂಟಿಗೆ ಕೊಡುವುದನ್ನು ದಯವಿಟ್ಟು ಇಂದೇ ಬಿಡಿ.

ತೋಟದ ಪಂಪ್‌ಸೆಟ್ಟಿಗೆ ಮಾತ್ರ ಈ ಸರಳ ಭಾಗಾಕಾರ ಒಗ್ಗದು. ಓಡುವ ಮೋಟಾರು ತನ್ನೊಳಗೇ ಎದುರು ವೋಲ್ಟೇಜ್ ಹುಟ್ಟಿಸುತ್ತದೆ. ವೈಂಡಿಂಗಿನ ರೋಧ ಅಳೆದು ಅದರ ಕರೆಂಟ್ ಹೇಳಲಾಗದು. ಅದೂ ಅಲ್ಲದೆ, ವೋಲ್ಟೇಜ್ ಇಳಿದರೂ ನೀರೆತ್ತುವ ಭಾರ ಅಷ್ಟಾಗಿ ಇಳಿಯುವುದಿಲ್ಲ. ಆಗ ಮೋಟಾರು ಗೀಸರಿನಂತೆ ಸುಮ್ಮನಾಗದೆ ಇನ್ನಷ್ಟು ಕರೆಂಟ್ ಎಳೆಯುತ್ತದೆ. ಕಾಲು ಪಾಲು ಹೆಚ್ಚು ಕರೆಂಟ್ ಎಂದರೆ ವೈಂಡಿಂಗಿನಲ್ಲಿ ಒಂದೂವರೆ ಪಟ್ಟಿಗೂ ಮೀರಿದ ಬಿಸಿ. ರೈತರ ಮೋಟಾರು ಸುಡುವುದು ಹೀಗೆ. ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನು ಮೋಟಾರಿನ ಫಲಕದಲ್ಲಿರುವ ಆಂಪಿಯರ್‌ಗೇ ಹೊಂದಿಸಿಡಿ, ಪದೇ ಪದೇ ಟ್ರಿಪ್ ಆಗುತ್ತದೆಂದು ಅದನ್ನು ತಪ್ಪಿಸಿ ನೇರ ಕೊಡಬೇಡಿ.